ಬೆಳೆಯುವ ಮನೆಯ ಹುಡುಗ

ಬೆಳೆ ಎಂಬ ಮಾತು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ಹೊಲದಲ್ಲಿ ರಾಗಿ ಬೆಳೆಯುತ್ತದೆ. ಮನೆಯಲ್ಲಿ ಹುಡುಗ ಬೆಳೆಯುತ್ತಾನೆ. ಹೊಲದ ಬೆಳೆಯನ್ನು ಬದುವಿನ ಮೇಲಿನಿಂದ ನೋಡಿಯೇ ‘ಗೊಬ್ಬರ ಸಾಲದು’ ಎಂದು ಹೇಳಬಲ್ಲ ಒಕ್ಕಲುಮಗನ ಕಣ್ಣು, ಮನೆಯ ಬೆಳೆಯ ವಿಷಯದಲ್ಲಿ ಮಾತ್ರ ಅನೇಕವೇಳೆ ಮೋಸಹೋಗುತ್ತದೆ. ಪೈರು ಹಳದಿಗೆ ತಿರುಗಿದರೆ ದಾರಿಹೋಕನಿಗೂ ಕಾಣುತ್ತದೆ. ಹುಡುಗ ಅರ್ಧ ಗೇಣು ಕಡಮೆ ಬೆಳೆದರೆ, ಪಕ್ಕದ ಮನೆಯ ಹುಡುಗನೂ ಅಷ್ಟೇ ಇರುವುದರಿಂದ, ಯಾರಿಗೂ ಕಾಣುವುದಿಲ್ಲ.

ತುಮಕೂರು ಸೀಮೆಯ ಒಂದು ಹಳ್ಳಿಯ ಮನೆಯಲ್ಲಿ ಅದು ಕಾಣಿಸಿಕೊಂಡದ್ದು ಬೇಸಿಗೆಯ ರಜದ ಒಂದು ಸಂಜೆ. ಆ ಮನೆಯ ನಡುಮನೆಯ ಬಾಗಿಲವಾಡದ ಮೇಲೆ ಇದ್ದಲಿನ ಗೀಟುಗಳಿವೆ. ಯುಗಾದಿಯ ದಿನ ಎಣ್ಣೆನೀರಾದ ಮೇಲೆ ಮನೆಯ ಹುಡುಗರನ್ನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿ, ನೆತ್ತಿಯ ಮೇಲೆ ಒಂದು ಹಲಗೆ ತುಂಡನ್ನು ಅಡ್ಡವಿಟ್ಟು ಗೀಟೆಳೆಯುವುದು ಅಜ್ಜನ ಕಾಲದಿಂದ ಬಂದ ವಾಡಿಕೆ. ಬಾಗಿಲಿಗೆ ಬಣ್ಣ ಬಳಿಯುವಾಗಲೂ ಆ ಒಂದು ಪಟ್ಟಿಯನ್ನು ಬಿಟ್ಟು ಬಳಿಯುತ್ತಾರೆ. ಅಜ್ಜ ತೀರಿಕೊಂಡರೂ ಗೀಟುಗಳು ಮುಂದುವರಿದಿವೆ.

ಬೆಂಗಳೂರಿಗೆ ಕೊಟ್ಟ ಮಗಳು ಆ ಬೇಸಿಗೆಯಲ್ಲಿ ತನ್ನ ಹನ್ನೆರಡು ವರ್ಷದ ಮಗನೊಡನೆ ತವರಿಗೆ ಬಂದಿದ್ದಳು. ಅಣ್ಣನ ಮಗನಿಗೆ ಹದಿನಾಲ್ಕು ತುಂಬಿತ್ತು. ವಾವೆಯಿಂದ ಹುಡುಗರಿಬ್ಬರೂ ಭಾವ ಮೈದುನರು. ಸ್ನೇಹದಿಂದ ಅದಕ್ಕಿಂತ ಹೆಚ್ಚು. ಮಾವಿನ ಮರ ಹತ್ತುವುದನ್ನೂ ಬಾವಿಗೆ ಧುಮುಕುವುದನ್ನೂ ಹಳ್ಳಿಯ ಭಾವನೇ ಪಟ್ಟಣದ ಹುಡುಗನಿಗೆ ಕಲಿಸಬೇಕು. ‘ಭಾವ ನನಗಿಂತ ದೊಡ್ಡವನು, ಆದರೆ ನನ್ನಷ್ಟೇ ಇದ್ದಾನೆ’ ಎಂದು ಚಿಕ್ಕವನು ಆಡಿದ ಒಂದು ಮಾತಿನಿಂದ ಅಳತೆಯ ಪ್ರಸಂಗ ಹುಟ್ಟಿತು. ತಾಯಿ ಹೊಲಿಗೆಯ ಟೇಪು ತಂದಳು. ದರ್ಜಿಯ ಟೇಪು ನೂರೈವತ್ತು ಸೆಂಟಿಮೀಟರಿಗೆ ಮುಗಿಯುತ್ತದೆ. ಇಬ್ಬರಿಗೂ ಅದು ಸಾಲಿತು. ಹನ್ನೆರಡರ ಹುಡುಗ ೧೪೯. ಹದಿನಾಲ್ಕರ ಹುಡುಗ ೧೪೮.

ಅಜ್ಜಿ ಜಗಲಿಯಿಂದಲೇ ತೀರ್ಪು ಕೊಟ್ಟರು. ‘ಅಳತೆ ಯಾಕವ್ವಾ ಅವನಿಗೆ? ಹಿಟ್ಟು ತಿಂದ ಮೈ ಅದು. ಇವನು ಹೊರೋ ಮೂಟೆ ನಿನ್ನ ಮಗ ಹೊತ್ತಾನಾ?’

ಹೊರಲಾರ. ಅದು ನಿಜ. ಹಿಟ್ಟು ತಿಂದವನು ಬೆಟ್ಟವನ್ನೇ ಕಿತ್ತಿಟ್ಟನೆಂಬ ಗಾದೆಯನ್ನು ನಂಬಿ ಬಂದ ಸೀಮೆ ಅದು. ಹಳ್ಳಿಯ ಹುಡುಗನೆಂದರೆ ಗಟ್ಟಿಮುಟ್ಟು, ಪಟ್ಟಣದ ಹುಡುಗನೆಂದರೆ ಪುಕ್ಕಲು ಎಂಬ ನಂಬಿಕೆ ಹಳ್ಳಿಗಿಂತಲೂ ಪಟ್ಟಣದಲ್ಲಿ ಬಲವಾಗಿದೆ. ಹಳ್ಳಿಯಲ್ಲಿ ಒಳ್ಳೆಯ ಗಾಳಿ, ಕರೆದ ಹಾಲು, ಹೊಲದ ಸೊಪ್ಪು, ಕಲಬೆರಕೆಯಿಲ್ಲದ ಧಾನ್ಯ. ಇಷ್ಟಿದ್ದ ಮೇಲೆ ಮೈ ಬೆಳೆಯದೆ ಇದ್ದೀತೆ? ಹೀಗೆಂದುಕೊಂಡು ನಗರದ ಸಂಸಾರಗಳು ನಿಟ್ಟುಸಿರು ಬಿಡುವುದುಂಟು. ಆ ನಂಬಿಕೆಯನ್ನೇ ಇಟ್ಟುಕೊಂಡು ಬಂದಿದ್ದ ಮಗಳು ಟೇಪನ್ನು ಸುತ್ತಿಟ್ಟಳು. ಆದರೆ ಸಂಖ್ಯೆ ಮನಸ್ಸಿನಿಂದ ಸುತ್ತಿಹೋಗಲಿಲ್ಲ. ಚೆನ್ನಾಗಿ ಉಂಡು ಬೆಳೆದ ಹದಿನಾಲ್ಕರ ಹುಡುಗರ ನಡುಮಟ್ಟದ ಎತ್ತರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ೧೬೩ ಸೆಂಟಿಮೀಟರ್. ಅಣ್ಣನ ಮಗ ಅದಕ್ಕೆ ಹದಿನೈದು ಸೆಂಟಿಮೀಟರ್ ಕೆಳಗಿದ್ದ.

ಮರುದಿನದಿಂದ ಆಕೆ ಏನೂ ಹೇಳದೆ ನೋಡತೊಡಗಿದಳು.

ಹುಡುಗ ಐದೂವರೆಗೆ ಏಳುತ್ತಾನೆ. ಕೊಟ್ಟಿಗೆ ಬಾಚುತ್ತಾನೆ. ತಂದೆ ಹಾಲು ಕರೆದು ಕೊಟ್ಟರೆ ಕ್ಯಾನನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಡೇರಿಗೆ ಹೋಗುತ್ತಾನೆ. ಹಿಂದಿರುಗಿ ಬಂದು, ಬಣ್ಣಕ್ಕಷ್ಟೇ ಹಾಲು ಬೆರೆತ ಟೀ ಕುಡಿಯುತ್ತಾನೆ. ಒಂಬತ್ತರ ವೇಳೆಗೆ ರಾತ್ರಿಯ ಮುದ್ದೆ ಉಳಿದಿದ್ದರೆ ಮಜ್ಜಿಗೆಯೊಡನೆ, ಇಲ್ಲವಾದರೆ ಚಿತ್ರಾನ್ನ. ಆಮೇಲೆ ಹೊಲ. ಬೇಸಿಗೆಯಾದುದರಿಂದ ಗೊಬ್ಬರ ಹೊರುವ ಕೆಲಸ. ಮಧ್ಯಾಹ್ನ ಅನ್ನ ಸಾರು. ಸಾರಿನಲ್ಲಿ ಬೇಳೆ ತಳದಲ್ಲಿ, ತಿಳಿ ತಟ್ಟೆಯಲ್ಲಿ. ಸಂಜೆ ಮತ್ತೆ ಕ್ಯಾನು, ಮತ್ತೆ ಡೇರಿ. ರಾತ್ರಿ ಮುದ್ದೆ. ಹೊಟ್ಟೆ ತುಂಬುತ್ತದೆ, ಅದರಲ್ಲಿ ಸಂಶಯವಿಲ್ಲ. ಆ ಮನೆಯಲ್ಲಿ ಯಾರೂ ಹಸಿದು ಮಲಗಿದವರಲ್ಲ. ಆದುದರಿಂದಲೇ ಕೊರತೆ ಕಾಣದೆ ಉಳಿದಿತ್ತು. ಹಸಿವು ಕೂಗಿ ಹೇಳುತ್ತದೆ. ಪೋಷಣೆಯ ಕೊರತೆಗೆ ಬಾಯಿಯಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ೨೦೨೦ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹದಿಮೂರರಿಂದ ಹದಿನೈದರ ಹುಡುಗನಿಗೆ ದಿನಕ್ಕೆ ೨,೮೬೦ ಕ್ಯಾಲೊರಿ ಬೇಕು. ಸಾಧಾರಣ ಮೈಕೆಲಸ ಮಾಡುವ ಬೆಳೆದ ಗಂಡಸಿಗೆ ಬೇಕಾದದ್ದು ೨,೭೧೦. ಎಂದರೆ, ಮನೆಯ ಯಜಮಾನನಿಗಿಂತಲೂ ಅವನ ಮಗನ ತಟ್ಟೆ ದೊಡ್ಡದಾಗಿರಬೇಕು. ದಿನಕ್ಕೆ ಸುಮಾರು ೪೫ ಗ್ರಾಂ ಪ್ರೋಟೀನು, ೧,೦೦೦ ಮಿಲಿಗ್ರಾಂ ಸುಣ್ಣದಂಶ, ೨೨ ಮಿಲಿಗ್ರಾಂ ಕಬ್ಬಿಣ, ಇವೂ ಅವನ ಬಾಬು. ಅದರ ಮೇಲೆ ಗೊಬ್ಬರ ಹೊತ್ತರೆ ಲೆಕ್ಕ ಇನ್ನೂ ಏರುತ್ತದೆ. ತಿಂದದ್ದರಲ್ಲಿ ಮೈಗೆಲಸವೇ ಮೊದಲ ಪಾಲನ್ನು ಕಿತ್ತುಕೊಳ್ಳುತ್ತದೆ; ಉಳಿದುದರಲ್ಲಿ ಬೆಳೆಯಬೇಕು. ಮೂಟೆ ಹೊರುವ ಶಕ್ತಿಯನ್ನು ಕಂಡು ಅಜ್ಜಿ ಹಿಗ್ಗುತ್ತಿದ್ದರು. ಆ ಶಕ್ತಿ ಬೆಳವಣಿಗೆಯ ಖಾತೆಯಿಂದ ತೆಗೆದ ಸಾಲವಾಗಿರಬಹುದೆಂದು ಅವರಿಗೆ ಯಾರು ಹೇಳಬೇಕು?

ಹಾಗಾದರೆ ರಾಗಿಯ ಮಹಿಮೆ ಸುಳ್ಳೆ? ಸುಳ್ಳಲ್ಲ. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಯ ಎದುರು ರಾಗಿಯನ್ನು ಗೆಲ್ಲಿಸಿದ್ದಕ್ಕೆ ಇಂದಿನ ಪ್ರಯೋಗಶಾಲೆಯೂ ಸಾಕ್ಷಿ ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದಂಶ ಸುಮಾರು ೩೫೦ ಮಿಲಿಗ್ರಾಂ; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ಮಹಿಮೆ ಇರುವುದು ಮುದ್ದೆಯಲ್ಲಿ, ಮುದ್ದೆಯ ಹೆಸರಿನಲ್ಲಲ್ಲ. ಅಜ್ಜಿಯ ಕಾಲದಲ್ಲಿ ಎರಡು ಹೊತ್ತೋ ಮೂರು ಹೊತ್ತೋ ಇದ್ದ ಹಿಟ್ಟು ಈಗ ಒಂದು ಹೊತ್ತಿಗೆ ಇಳಿದಿದೆ. ಮಿಕ್ಕ ಹೊತ್ತು ಬಿಳಿಯ ಅನ್ನ.

ಇನ್ನೊಂದು ವಿಷಯ: ರಾಗಿ ಎಂದೂ ಒಂಟಿಯಾಗಿ ಬೆಳೆದ ಧಾನ್ಯವಲ್ಲ. ಆ ಸೀಮೆಯಲ್ಲಿ ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಬಿಡುವುದು ಪದ್ಧತಿ. ಆ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಹಿರಿಯರು ಅದನ್ನು ನೆಲದ ಹಿತಕ್ಕೂ ಮಳೆಯ ಭಯಕ್ಕೂ ಮಾಡಿದರೆಂದು ಹೇಳುತ್ತಾರೆ. ತಟ್ಟೆಯ ಹಿತವೂ ಅದರಲ್ಲಿತ್ತು. ಮೈ ಬೆಳೆಯಲು ಬೇಕಾದ ಪ್ರೋಟೀನಿನ ಒಂದು ಅಂಶ, ಲೈಸೀನ್ ಎಂಬುದು, ರಾಗಿಯಲ್ಲಿ ಕಡಮೆ. ಅವರೆ ತೊಗರಿಗಳಲ್ಲಿ ಅದು ಧಾರಾಳ. ಹೊಲದಲ್ಲಿ ಪಕ್ಕದ ಸಾಲಿನಲ್ಲಿ ನಿಂತವು ತಟ್ಟೆಯಲ್ಲಿಯೂ ಪಕ್ಕದಲ್ಲಿಯೇ ಕುಳಿತು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿದ್ದವು. ಕಳೆ ಕೀಳುವ ಹೆಂಗಸರು ಮಡಿಲಲ್ಲಿ ತರುತ್ತಿದ್ದ ಬೆರಕೆಸೊಪ್ಪು ಬಸ್ಸಾರಿಗೆ ಬೀಳುತ್ತಿತ್ತು. ಈಗ ಕಳೆನಾಶಕ ಹೊಡೆದ ಹೊಲದಲ್ಲಿ ಕಳೆಯೊಂದಿಗೆ ಸೊಪ್ಪೂ ಸಾಯುತ್ತದೆ. ಯಂತ್ರದಿಂದ ಕೊಯ್ಯುವ ಹೊಲದಲ್ಲಿ ಅಕ್ಕಡಿ ಸಾಲು ಅಡ್ಡಿಯಾಗುತ್ತದೆ. ಅಣ್ಣನ ಹೊಲದಲ್ಲಿ ಅಕ್ಕಡಿ ನಿಂತು ಆರು ವರ್ಷವಾಗಿತ್ತು. ಬೇಳೆಯನ್ನು ಸಂತೆಯಿಂದ ಕೊಳ್ಳಬೇಕು. ಕೊಂಡ ಬೇಳೆಯನ್ನು ಗೃಹಿಣಿ ಅಳತೆಮಾಡಿ ಹಾಕಬೇಕು. ಆದುದರಿಂದ ಸಾರು ತಿಳಿಯಾಗಿತ್ತು.

ಕನ್ನಡಿಗರ ತಟ್ಟೆಯನ್ನು ಒಮ್ಮೆ ಇಲಿಗಳ ಮುಂದೆ ಇಟ್ಟು ಪರೀಕ್ಷಿಸಿದ್ದುಂಟೆಂಬುದು ಅನೇಕರಿಗೆ ತಿಳಿದಿರಲಾರದು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ೧೯೨೦ರ ದಶಕದಲ್ಲಿ ಭಾರತದ ಏಳು ಸೀಮೆಗಳ ಊಟವನ್ನು ಏಳು ಗುಂಪು ಮರಿ ಇಲಿಗಳಿಗೆ ತಿನ್ನಿಸಿ ತೂಗಿದರು. ಇಡಿಯ ಗೋಧಿಯ ರೊಟ್ಟಿ, ಬೇಳೆ, ತರಕಾರಿ, ಯಥೇಚ್ಛ ಹಾಲು ಮೊಸರು ಇದ್ದ ಸಿಖ್ಖರ ಊಟದ ಇಲಿಗಳು ಸರಾಸರಿ ೨೩೫ ಗ್ರಾಂ ತೂಗಿದವು. ಪಠಾಣರು, ಮರಾಠರು, ಗೂರ್ಖರು ಆಮೇಲೆ. ಕನ್ನಡಿಗರ ಊಟದ ಇಲಿಗಳು ಐದನೆಯ ಸ್ಥಾನ, ೧೮೫ ಗ್ರಾಂ. ಬಂಗಾಳಿಗಳ ಊಟವೂ ಮದರಾಸಿನ ಊಟವೂ ಅದಕ್ಕಿಂತ ಕೆಳಗೆ. ಇಲಿಗಳು ಒಂದೇ ಜಾತಿಯವು, ಒಂದೇ ಮನೆಯವು, ಒಂದೇ ಗಾಳಿಯವು. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ‘ನಮ್ಮ ವಂಶವೇ ಕುಳ್ಳು’ ಎಂದು ಹೇಳಿ ಕೈತೊಳೆದುಕೊಳ್ಳುವವರಿಗೆ ಆ ಇಲಿಗಳು ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿವೆ. ವಂಶಕ್ಕೂ ಪಾಲುಂಟು, ನಿಜ. ಆದರೆ ವಂಶ ಕೊಟ್ಟದ್ದನ್ನು ಪೂರ್ತಿ ಪಡೆಯಬೇಕಾದರೆ ಊಟ ಜೊತೆಗೂಡಬೇಕು. ಕೂನೂರಿನ ಆ ಪ್ರಯೋಗಶಾಲೆಯೇ ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ, ೧೯೬೯ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರು ಪಡೆಯಿತು.

ಬಾಗಿಲವಾಡದ ಗೀಟುಗಳಿಗೆ ಅತ್ಯಂತ ಹತ್ತಿರವಾದ ಕೆಲಸವನ್ನು ಮಾಡಿದ್ದೂ ಆ ಸಂಸ್ಥೆಯೇ. ಹೈದರಾಬಾದಿನ ಸುತ್ತಣ ಹಳ್ಳಿಗಳ ಬಾಲಕರನ್ನು ಐದರ ಪ್ರಾಯದಿಂದ ಯೌವನದವರೆಗೂ ವರ್ಷ ವರ್ಷ ಅಳೆದರು. ಐದರಲ್ಲಿ ಕುಳ್ಳಾಗಿದ್ದವರಿಗೆ ಹರೆಯದ ನೆಗೆತ ತಡವಾಗಿ ಬಂದಿತು; ಬಂದಾಗ ಅವರೂ ಇತರರಂತೆಯೇ ಬೆಳೆದರು; ಆದರೆ ಮೊದಲೇ ಬಿದ್ದಿದ್ದ ಕೊರತೆ ತುಂಬಲಿಲ್ಲ. ಎಳೆಯ ಪ್ರಾಯದಲ್ಲಿಯೇ ಕೂಲಿಗೆ ಹೋದ ಹುಡುಗರು ಇನ್ನಷ್ಟು ಹಿಂದೆ ಬಿದ್ದರು. ೧೯೭೯ರಿಂದ ಮುಂದೆ ಪ್ರಕಟವಾದ ಆ ಫಲಿತಾಂಶಗಳ ಅರ್ಥ ಇಷ್ಟು: ಹದಿನಾಲ್ಕರ ಹುಡುಗನ ಅಳತೆಯಲ್ಲಿ ಅವನ ಎರಡನೆಯ ವರ್ಷದ ಊಟವೂ ಅಡಗಿದೆ; ಅವನ ತಾಯಿ ಬಸಿರಲ್ಲಿ ಉಂಡ ಊಟವೂ ಅಡಗಿದೆ. ಮಗು ಹುಟ್ಟಿದ ಮೊದಲ ವರ್ಷವೊಂದರಲ್ಲಿಯೇ ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತುಂಬುವಾಗ ಮುಂದಿನ ಎತ್ತರದ ಅರ್ಧದಷ್ಟು ಮುಗಿದಿರುತ್ತದೆ. ಆ ಎರಡು ವರ್ಷ ಕಳೆದುಕೊಂಡವರು ಒಬ್ಬಿಬ್ಬರಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಮೂವತ್ತೈದು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು.

ಎತ್ತರದಲ್ಲಿ ಏನಿದೆ, ಕುಳ್ಳರು ಬಾಳಿಲ್ಲವೆ ಎಂದು ಕೇಳಬಹುದು. ಬಾಳಿದ್ದಾರೆ, ಆಳಿಯೂ ಇದ್ದಾರೆ. ಆದರೆ ಆ ಮನೆಯ ಬಾಗಿಲವಾಡದಲ್ಲಿ ಎಲ್ಲಕ್ಕಿಂತ ಮೇಲಿನ ಗೀಟುಗಳಲ್ಲಿ ಒಂದು ಹುಡುಗನ ಚಿಕ್ಕಪ್ಪನದು. ಹದಿನೆಂಟರಲ್ಲಿ ಸೈನ್ಯಕ್ಕೆ ಸೇರಬೇಕೆಂದು ಆತ ಬೆಳಗಿನ ಜಾವ ಎದ್ದು ಓಡುತ್ತಿದ್ದ. ಓಟದಲ್ಲಿ ಮುಂದಿದ್ದವನನ್ನು ಅಳತೆಯ ಕಂಬದ ಬಳಿ ನಿಲ್ಲಿಸಿದರು. ಕರ್ನಾಟಕದ ಅಭ್ಯರ್ಥಿಗೆ ಬೇಕಾದದ್ದು ೧೬೬ ಸೆಂಟಿಮೀಟರ್, ಆತ ೧೬೪. ಅಂದು ಸಂಜೆ ಮನೆಗೆ ಬಂದವನು ಬಾಗಿಲಿನ ಗೀಟನ್ನು ಒಂದು ಗಳಿಗೆ ನೋಡಿ ಒಳಗೆ ಹೋದ. ಆ ಮೇಲೆ ಆ ಮಾತು ಆ ಮನೆಯಲ್ಲಿ ಬಂದದ್ದಿಲ್ಲ. ಹಿಟ್ಟು ತಿಂದ ಮೈಯೆಂದು ಅಜ್ಜಿ ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ರಜ ಮುಗಿಯಲು ನಾಲ್ಕು ದಿನವಿರುವಾಗ ಮಗಳು ಅಣ್ಣನೊಡನೆ ಮಾತೆತ್ತಿದಳು. ಡೇರಿಗೆ ಹೋಗುವ ಕ್ಯಾನನ್ನು ತೋರಿಸಿ, ‘ಅಣ್ಣಾ, ಒಂದು ಚೊಂಬು ಹಾಲು ಮನೆಯಲ್ಲಿ ಉಳಿಯಬಾರದೆ?’ ಎಂದಳು.

ಅಣ್ಣ ಸಿಡುಕಲಿಲ್ಲ. ಅವನ ಬಳಿ ಲೆಕ್ಕವಿತ್ತು. ಹಾಲಿನ ಬಟವಾಡೆಯಿಂದಲೇ ಹಿಂಡಿಯ ಸಾಲ, ಮಕ್ಕಳ ಪುಸ್ತಕ, ಅವ್ವನ ಔಷಧಿ. ಮಳೆಯನ್ನು ನಂಬಿದ ಮನೆಗೆ ತಪ್ಪದೆ ಬರುವ ಹಣವೆಂದರೆ ಅದೊಂದೇ. ಡೇರಿ ಬಂದ ಮೇಲೆಯೇ ಹುಡುಗ ಹೈಸ್ಕೂಲು ಕಂಡದ್ದು. ‘ಹಿಂಡಿ ಕಡಮೆ ಮಾಡಿದರೆ ಮಾರನೆಯ ದಿನವೇ ಹಾಲು ಇಳಿದುಬಿಡುತ್ತದೆ ಕಣಮ್ಮ’ ಎಂದ. ಹಸು ಎಷ್ಟು ಲೀಟರು ಕೊಡುತ್ತದೆಯೋ ಅದಕ್ಕೆ ತಕ್ಕ ಹಿಂಡಿ. ಗಬ್ಬವಾಗಿದ್ದರೆ ಅದಕ್ಕೆ ಬೇರೆ. ಹೇಳುತ್ತ ಹೇಳುತ್ತ ಅವನೇ ತಡೆದು ನಿಂತ. ಹಸುವಿನ ತಿನಿಸಿಗೆ ಅಳತೆಯಿದೆ, ಕಾಲಕಾಲಕ್ಕೆ ಹುಳುವಿನ ಔಷಧಿಯಿದೆ, ಡಾಕ್ಟರರಿದ್ದಾರೆ. ಮಗನ ತಿನಿಸಿಗೆ ಇರುವ ಅಳತೆ ಹೊಟ್ಟೆ ತುಂಬಿತೇ ಎಂಬುದೊಂದೇ. ತಂಗಿ ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಅತ್ತಿಗೆ ಒಲೆಯ ಮುಂದಿನಿಂದ ಮೆಲ್ಲನೆ ಇನ್ನೊಂದು ಮಾತು ಸೇರಿಸಿದಳು. ಶಾಲೆಯಿರುವ ದಿನಗಳಲ್ಲಿ ಅಲ್ಲಿ ಬಿಸಿಯೂಟವಿದೆ. ೨೦೧೩ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಹಾಲೂ ಇದೆ. ಈಚೆಗೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುತ್ತಾರೆ. ಹುಳುವಿನ ಮಾತ್ರೆಯನ್ನೂ ಅಲ್ಲಿಯೇ ನುಂಗಿಸುತ್ತಾರೆ. ಆದರೆ ಬೇಸಿಗೆಯ ರಜ ಬಂತೆಂದರೆ ಹಾಲಿಗೂ ಮೊಟ್ಟೆಗೂ ರಜ. ಹೊಲದ ಕೆಲಸ ಮಾತ್ರ ಇಮ್ಮಡಿ. ‘ಪ್ರತಿ ಸಲ ಸ್ಕೂಲು ತೆರೆಯುವ ಹೊತ್ತಿಗೆ ಇವನ ಪಕ್ಕೆ ಎಣಿಸೋ ಹಾಗಾಗಿರುತ್ತೆ’ ಎಂದಳು. ತಾಯಿಯ ಕಣ್ಣಿಗೆ ಟೇಪಿಲ್ಲದೆಯೂ ಕಂಡಿತ್ತು. ಕೇಳಿದವರಿರಲಿಲ್ಲ. ಆಕೆಯ ಮಗಳು, ಹನ್ನೊಂದರ ಹುಡುಗಿ, ಪಕ್ಕದಲ್ಲಿಯೇ ಕುಳಿತು ಸೊಪ್ಪು ಸೋಸುತ್ತಿದ್ದಳು. ಬಾಗಿಲವಾಡದಲ್ಲಿ ಅವಳ ಗೀಟೇ ಇರಲಿಲ್ಲ.

ಹೊರಡುವ ದಿನ ಚೀಲ ಬಿಚ್ಚಿದಾಗ, ಬರುವಾಗ ಅಕ್ಕರೆಯಿಂದ ತಂದಿದ್ದ ಬಿಸ್ಕತ್ತಿನ ಪೊಟ್ಟಣಗಳೂ ಚಿಪ್ಸಿನ ಪೊಟ್ಟಣಗಳೂ ಖಾಲಿಯಾಗಿ ಮೂಲೆಯಲ್ಲಿ ಬಿದ್ದಿದ್ದವು. ಪಟ್ಟಣದಿಂದ ಹಳ್ಳಿಗೆ ಹೋಗುವುದು ಅದು. ಹಳ್ಳಿಯಿಂದ ಪಟ್ಟಣಕ್ಕೆ ಬರುವುದು ಹಾಲು, ಮೊಟ್ಟೆ, ಅವರೆಕಾಯಿ, ಕಡಲೆಕಾಯಿ. ವ್ಯಾಪಾರದಲ್ಲಿ ಯಾರು ಗೆದ್ದರೆಂದು ಟೇಪು ಹೇಳಿತ್ತು. ಆಕೆಯ ಮಗನ ೧೪೯ರಲ್ಲಿ ಇಂಥ ಎಷ್ಟು ಕ್ಯಾನುಗಳ ಹಾಲಿತ್ತೋ!

ಆ ವರ್ಷ ಮುಂಗಾರು ಬಿದ್ದಾಗ ಅಣ್ಣ ರಾಗಿಯ ನಡುವೆ ಮತ್ತೆ ಅಕ್ಕಡಿ ಬಿಟ್ಟ. ಬೀಜವನ್ನು ಪಕ್ಕದೂರಿನಿಂದ ಕೇಳಿ ತರಬೇಕಾಯಿತು. ಕ್ಯಾನು ತುಂಬುವ ಮೊದಲು ಒಂದು ಚೊಂಬು ಒಳಗೆ ಹೋಗತೊಡಗಿತು. ಬಟವಾಡೆ ಅಷ್ಟು ಇಳಿಯಿತು. ಆ ಕೊರತೆಯನ್ನು ಮನೆ ಹೇಗೋ ನುಂಗಿಕೊಂಡಿತು. ಸಂತೆಗೆ ಹೋಗುತ್ತಿದ್ದ ನಾಟಿಮೊಟ್ಟೆಗಳಲ್ಲಿ ಎರಡು ದಿನಕ್ಕೊಂದು ಹುಡುಗನಿಗೂ, ಒಂದು ಅವನ ತಂಗಿಗೂ ಎಂದು ಅತ್ತಿಗೆ ಗೊತ್ತುಮಾಡಿದಳು. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟುಮಾಡುವುದನ್ನು ಅಜ್ಜಿ ಮತ್ತೆ ಆರಂಭಿಸಿದರು. ಮೊಳಕೆ ಬಂದ ಧಾನ್ಯದ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆಂಬುದು ಅವರಿಗೆ ತಿಳಿಯದು. ಕೈಗೂಸಿಗೆ ಹಾಗೆ ಮಾಡಬೇಕೆಂಬುದು ಮಾತ್ರ ತಿಳಿದಿತ್ತು. ‘ಕೈಗೂಸಿಗಾದರೆ ಇವನಿಗೂ ಆಗಬಹುದು ಬಿಡು’ ಎಂದರು. ಮೂಟೆ ಹೊರುವ ಕೆಲಸವನ್ನು ಚಿಕ್ಕಪ್ಪ, ಯಾರೂ ಹೇಳದೆ, ತನ್ನ ಹೆಗಲಿಗೆ ತೆಗೆದುಕೊಂಡ.

ಮುಂದಿನ ಯುಗಾದಿಗೆ ಹುಡುಗನನ್ನು ಬಾಗಿಲಿಗೆ ನಿಲ್ಲಿಸಿದರು. ೧೫೬. ಒಂದು ವರ್ಷಕ್ಕೂ ಕಡಮೆ ಅವಧಿಯಲ್ಲಿ ಎಂಟು ಸೆಂಟಿಮೀಟರ್. ಅದು ಹಾಲಿನ ಫಲವೋ, ತಡವಾಗಿ ಬಂದ ಹರೆಯದ ಫಲವೋ, ಬಾಗಿಲವಾಡ ಹೇಳಲಾರದು. ಚೆನ್ನಾಗಿ ಉಂಡ ಹುಡುಗನೂ ಆ ನೆಗೆತದ ವರ್ಷದಲ್ಲಿ ಒಂಬತ್ತು ಹತ್ತು ಬೆಳೆಯುವುದುಂಟು. ಕಳೆದ ಬಾಲ್ಯದ ಬಾಕಿ ಪೂರ್ತಿ ಸಂದಾಯವಾಗುವುದೆಂದು ನಂಬುವಂತಿಲ್ಲ. ಆದರೆ ತಡವಾಗಿ ಹೊಡೆ ಬಿಚ್ಚುವ ಪೈರಿಗೆ ಹಿಂಗಾರು ಬಿದ್ದರೆ ತೆನೆ ತುಂಬುತ್ತದೆಂಬುದನ್ನು ಒಕ್ಕಲುಮಗನಿಗೆ ಯಾರೂ ಕಲಿಸಬೇಕಾಗಿಲ್ಲ.

ಇದ್ದಲು ಹಿಡಿದು ಗೀಟೆಳೆದವನು ಚಿಕ್ಕಪ್ಪ. ಹೊಸ ಗೀಟಿಗೂ ಮೇಲಿದ್ದ ತನ್ನ ಹಳೆಯ ಗೀಟಿಗೂ ನಡುವೆ ಉಳಿದ ಜಾಗವನ್ನು ಕೈಬೆರಳುಗಳಿಂದ ಅಳೆದು ನೋಡಿದ. ನಾಲ್ಕು ಬೆರಳು, ಮೇಲೊಂದಿಷ್ಟು. ಆಮೇಲೆ ಹನ್ನೊಂದು ತುಂಬಿ ಹನ್ನೆರಡಕ್ಕೆ ಬಿದ್ದಿದ್ದ ಹುಡುಗಿಯನ್ನು ಕರೆದು, ‘ನೀನೂ ಬಾರವ್ವ’ ಎಂದು ಬಾಗಿಲಿಗೆ ಬೆನ್ನು ಕೊಡಿಸಿ ನಿಲ್ಲಿಸಿದ.